ಇಷ್ಟವೂ ನಿಷ್ಠೆಯೂ: ನಡುವಯಸ್ಸು ಕಲಿಸುವ ಪಾಠ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳನ್ನು ತಿದ್ದುವ ತಂದೆತಾಯಿಗಳಿಗೂ ಶಾಲೆಯ ಗುರುಗಳಿಗೂ ಈ ಮಾತು ಒಳ್ಳೆಯ ಆಧಾರ. ಆದರೆ ವಯಸ್ಸಾದವರು ಇದೇ ಗಾದೆಯನ್ನು ತಮ್ಮ ರಕ್ಷಣೆಗೆ ಬಳಸತೊಡಗಿದಾಗ ಅದರ ಅರ್ಥ ತಲೆಕೆಳಗಾಗುತ್ತದೆ. "ಇಷ್ಟು ವಯಸ್ಸಾದ ಮೇಲೆ ನನ್ನನ್ನು ಬದಲಾಯಿಸಲು ಬರಬೇಡಿ" ಎಂಬ ಮಾತು ಎಷ್ಟೋ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಕಲಿಯುವ ಕಾಲ ಮುಗಿಯಿತು, ಇನ್ನೇನಿದ್ದರೂ ಕಲಿಸುವ ಕಾಲ ಎಂಬ ಭಾವನೆ ಅದರ ಹಿಂದಿರುತ್ತದೆ. ಈ ಭಾವನೆ ಸರಿಯಲ್ಲ ಎಂಬುದಕ್ಕೆ ಶರಣರ ಬದುಕೇ ಸಾಕ್ಷಿ. ತುಂಗೆಯ ದಡದ ಶಿವಮೊಗ್ಗ, ಭದ್ರೆಯ ದಡದ ಭದ್ರಾವತಿ ಎಂಬ ಎರಡು ನೆರೆಯೂರುಗಳ ಇತಿಹಾಸವೂ ಅದಕ್ಕೆ ಸಾಕ್ಷಿ ನುಡಿಯುತ್ತದೆ.

ಮೊದಲು ಭದ್ರಾವತಿಯನ್ನೇ ನೋಡಬಹುದು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಕೆಲಸ ಆರಂಭಿಸಿತು. ಮಲೆನಾಡಿನ ಮರದಿಂದ ಮಾಡಿದ ಇದ್ದಲು, ಕೆಮ್ಮಣ್ಣುಗುಂಡಿಯಿಂದ ಬಂದ ಅದಿರು, ಇವೆರಡನ್ನು ನಂಬಿ ಹುಟ್ಟಿದ ಕಾರ್ಖಾನೆ ಆರಂಭದಲ್ಲಿಯೇ ನಷ್ಟಕ್ಕೆ ಸಿಲುಕಿತು. ಅದನ್ನು ಎತ್ತಿ ನಿಲ್ಲಿಸುವ ಹೊಣೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಗಲಿಗೆ ಬಿದ್ದಿತು. ಆಗ ಅವರಿಗೆ ಅರವತ್ತು ದಾಟಿತ್ತು. ದಿವಾನಗಿರಿಯನ್ನು 1918ರಲ್ಲಿಯೇ ಬಿಟ್ಟಿದ್ದರು. ಅವರ ಜೀವಮಾನದ ವಿದ್ಯೆ ನೀರಿನದು: ಅಣೆಕಟ್ಟು, ಕಾಲುವೆ, ನಗರದ ನೀರು ಸರಬರಾಜು. ಬೆಂಕಿಯ ವಿದ್ಯೆಯಾದ ಕಬ್ಬಿಣದ ಕುಲುಮೆ ಅವರ ಪಾಲಿಗೆ ಹೊಸದು. ಆದರೂ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು ಆ ಉದ್ಯಮದ ಒಳಹೊರಗನ್ನು ಅರಿತುಕೊಂಡರು, ಖರ್ಚಿಗೆ ಕಡಿವಾಣ ಹಾಕಿದರು, ವಿದೇಶೀ ತಜ್ಞರ ಜಾಗಕ್ಕೆ ಇಲ್ಲಿಯವರನ್ನು ಸಿದ್ಧಗೊಳಿಸಿದರು. ಆ ಸೇವೆಗಾಗಿ ಅವರಿಗೆ ಸಲ್ಲಬೇಕಾಗಿದ್ದ ಹಣ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರಿನ ವೃತ್ತಿ ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ವಿನಿಯೋಗವಾಯಿತು. ಅರವತ್ತರ ಮೇಲೆ ತಾವು ಕಲಿತದ್ದರ ಫಲವನ್ನು ಹದಿನೆಂಟರ ಹುಡುಗರ ಕಲಿಕೆಗೆ ಕೊಟ್ಟ ಈ ನಡೆಯನ್ನು ಭದ್ರಾವತಿಯವರು ಮರೆಯಬಾರದು.

ವಿಶ್ವೇಶ್ವರಯ್ಯನವರು ಅಸಾಧಾರಣ ವ್ಯಕ್ತಿ, ಅವರ ಮಾದರಿ ಸಾಮಾನ್ಯರಿಗೆ ದಕ್ಕುವುದೇ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ಉತ್ತರವನ್ನು ಅದೇ ಊರಿನ ಸಾಮಾನ್ಯ ಕಾರ್ಮಿಕರು ಕೊಟ್ಟಿದ್ದಾರೆ.

ಭದ್ರಾವತಿ ಹಲವು ದಶಕಗಳ ಕಾಲ ಸೈರನ್ನಿನ ಕೂಗಿಗೆ ಏಳುತ್ತಿದ್ದ ಊರು. ಕಬ್ಬಿಣದ ಕಾರ್ಖಾನೆಯ ಜೊತೆಗೆ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಹುಟ್ಟಿಕೊಂಡಿತು. ನ್ಯೂಟೌನ್, ಪೇಪರ್ ಟೌನ್‌ಗಳ ವಸತಿಗೃಹಗಳಲ್ಲಿ ಊಟದ ಹೊತ್ತು, ನಿದ್ರೆಯ ಹೊತ್ತು, ಮಕ್ಕಳೊಡನೆ ಮಾತಾಡುವ ಹೊತ್ತು ಎಲ್ಲವನ್ನೂ ಪಾಳಿ ನಿರ್ಧರಿಸುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುತ್ತಿದ್ದರು. ಮನೆಯವರು ಪಾತ್ರೆಯ ಸದ್ದಾಗದಂತೆ ಓಡಾಡುತ್ತಿದ್ದರು. ಹೀಗೆ ಮೂವತ್ತು ವರ್ಷ ಕಳೆದವರು ತಮ್ಮ ಸ್ವಭಾವವನ್ನು ಕುರಿತು ಹೇಳುವಾಗ ಬಲು ಖಚಿತವಾಗಿ ಹೇಳುತ್ತಾರೆ: "ನನಗೆ ನಾಲ್ಕು ಗಂಟೆಗೆ ಎಚ್ಚರವಾಗಲೇಬೇಕು", "ನನಗೆ ಬಿಸಿ ಅನ್ನವೇ ಬೇಕು", "ನನಗೆ ಗದ್ದಲ ಆಗದು".

ಆದರೆ ಆ ಸೈರನ್ ನಿಂತಾಗ ಏನಾಯಿತು? ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಮುಂದಿನ ವರ್ಷಗಳಲ್ಲಿ ಅಲ್ಲಿನವರು ಸ್ವಯಂ ನಿವೃತ್ತಿ ಪಡೆದು ಹೊರಬಂದರು. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತು, 1998ರಲ್ಲಿ ಭಾರತ ಉಕ್ಕು ಪ್ರಾಧಿಕಾರದೊಡನೆ ವಿಲೀನವಾಗಿದ್ದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದರು, ಆ ಬಳಿಕ ಕಾರ್ಖಾನೆಯ ಒಂದು ಭಾಗ ಮತ್ತೆ ಚಲಿಸಿದ್ದೂ ಉಂಟು. ಈ ಏಳುಬೀಳಿನ ನಡುವೆ ನಲವತ್ತು, ಐವತ್ತು ವಯಸ್ಸಿನ ಎಷ್ಟೋ ಜನ ಬದುಕನ್ನು ಮೊದಲಿನಿಂದ ಕಲಿಯಬೇಕಾಯಿತು. ದಿನವೂ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ದುಡಿಯಲು ಹೋಗುವುದು, ಅಂಗಡಿಯ ಕಟ್ಟೆಯ ಮೇಲೆ ಕುಳಿತು ಗಿರಾಕಿಯೊಡನೆ ನಯವಾಗಿ ಮಾತಾಡುವುದು, ಮಗನಿಂದ ಮೊಬೈಲಿನಲ್ಲಿ ಹಣ ಪಾವತಿಸುವುದನ್ನು ಹೇಳಿಸಿಕೊಳ್ಳುವುದು ಇಂತಹವು ಹೊರಗೆ ಕಾಣುವ ಪಾಠಗಳು. ಒಳಗಿನ ಪಾಠ ಇನ್ನೂ ಆಳವಾದುದು. ತನ್ನ ಸ್ವಭಾವವೆಂದು ಮೂವತ್ತು ವರ್ಷ ನಂಬಿದ್ದ ಎಷ್ಟೋ ಸಂಗತಿಗಳು ಪಾಳಿಯ ಏರ್ಪಾಡು ಮಾತ್ರವಾಗಿದ್ದವು ಎಂಬ ಅರಿವು ಅದು. ನಾಲ್ಕು ಗಂಟೆಯ ಎಚ್ಚರ ಕಾರ್ಖಾನೆಯದಾಗಿತ್ತು. ಗದ್ದಲ ಬೇಡವೆಂಬುದು ಹಗಲು ನಿದ್ರೆಯ ಅವಶ್ಯಕತೆಯಾಗಿತ್ತು. ಹಾಗಾದರೆ ತನಗೆ ನಿಜವಾಗಿ ಇಷ್ಟವಾದುದು ಯಾವುದು? ಈ ಪ್ರಶ್ನೆಯನ್ನು ಇಪ್ಪತ್ತರ ಹರೆಯ ಕೇಳಿಕೊಳ್ಳುವುದಿಲ್ಲ. ಆಗ ಅದಕ್ಕೆ ಬಿಡುವೂ ಇಲ್ಲ, ಧೈರ್ಯವೂ ಇಲ್ಲ. ನಡುವಯಸ್ಸಿಗೆ ಮಾತ್ರ ಇದನ್ನು ಕೇಳುವ ಅರ್ಹತೆ ಬರುತ್ತದೆ.

ಇಲ್ಲಿ ಶರಣರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಬಳ್ಳಿಗಾವೆಯ ಅಲ್ಲಮನು ಹುಟ್ಟಿನಿಂದಲೇ ಅನುಭಾವದ ಶಿಖರದಲ್ಲಿ ಕುಳಿತವನಲ್ಲ. ಹರಿಹರನ ರಗಳೆ ಚಿತ್ರಿಸುವ ಅಲ್ಲಮ ಮದ್ದಳೆ ಬಾರಿಸುತ್ತಿದ್ದ ಕಲಾವಿದ, ಮಡದಿಯ ಅಗಲಿಕೆಯಿಂದ ಕಂಗೆಟ್ಟು ಅಲೆದವನು. ಅನಿಮಿಷಯ್ಯನ ಭೇಟಿ ಅವನಿಗೆ ದೊರೆತದ್ದು ಆ ದುಃಖದ ನಂತರ. ಸೊನ್ನಲಿಗೆಯ ಸಿದ್ಧರಾಮನ ಕಥೆ ಇನ್ನೂ ಮಾರ್ಮಿಕವಾದುದು. ಕೆರೆ ಕಟ್ಟಿಸಿ, ದೇಗುಲಗಳನ್ನು ನಿಲ್ಲಿಸಿ, ಯೋಗಿಯೆಂದು ನಾಡಿನಲ್ಲಿ ಹೆಸರಾದ ಮೇಲೆ ಆತ ಕಲ್ಯಾಣಕ್ಕೆ ಬಂದನು. ಅಲ್ಲಿ ಆತನಿಗೆ ಇಷ್ಟಲಿಂಗ ದೀಕ್ಷೆಯನ್ನು ಕೊಟ್ಟವನು ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಚನ್ನಬಸವಣ್ಣ. ಶೂನ್ಯಸಂಪಾದನೆ ಈ ಪ್ರಸಂಗವನ್ನು ವಿಸ್ತಾರವಾಗಿಯೇ ನಿರೂಪಿಸುತ್ತದೆ. ಸಿದ್ಧರಾಮನು ಥಟ್ಟನೆ ತಲೆಬಾಗಲಿಲ್ಲ. ಪ್ರಶ್ನಿಸಿದನು, ವಾದಿಸಿದನು, ಮನಗಂಡ ಬಳಿಕ ಒಪ್ಪಿದನು. ಕಿರಿಯರಿಂದ ಕಲಿಯುವುದರಿಂದ ಹಿರಿತನಕ್ಕೆ ಕುಂದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮೊಮ್ಮಗಳು ಮೊಬೈಲಿನ ಗುಂಡಿಯನ್ನು ತೋರಿಸಿದಾಗ ಸಿಡುಕುವ ಅಜ್ಜಂದಿರು ಸಿದ್ಧರಾಮನನ್ನು ಒಮ್ಮೆ ನೆನೆದರೆ ಸಾಕು.

ನಡುವಯಸ್ಸಿನ ಕಲಿಕೆ ಬಹುಮಟ್ಟಿಗೆ ಸಣ್ಣ ಸಂಗತಿಗಳಲ್ಲಿಯೇ ನಡೆಯುತ್ತದೆ. ಐವತ್ತರ ಹೊತ್ತಿಗೆ ವೈದ್ಯರು ಸಕ್ಕರೆ ಬಿಡಿ ಎನ್ನುತ್ತಾರೆ. ಮೊದಲ ವಾರ ಕಾಫಿ ಕಷಾಯದಂತೆ ತೋರುತ್ತದೆ. ತಿಂಗಳು ಕಳೆದ ಮೇಲೆ ಅದೇ ನಾಲಿಗೆಗೆ ಕಾಫಿಬೀಜದ ಪರಿಮಳ ತಿಳಿಯತೊಡಗುತ್ತದೆ. ಇಷ್ಟು ದಿನ ತಾನು ಕುಡಿದದ್ದು ಕಾಫಿಯ ಹೆಸರಿನ ಸಕ್ಕರೆಯನ್ನು ಎಂದು ಅರಿವಾಗುತ್ತದೆ. ಎಣ್ಣೆಯಲ್ಲಿ ಕರಿದದ್ದೇ ಹಬ್ಬವೆಂದು ತಿಳಿದಿದ್ದವರಿಗೆ ಹಬೆಯಲ್ಲಿ ಬೆಂದ ಕಡುಬು, ಕೆಂಡದ ಮೇಲೆ ಉಬ್ಬಿದ ಅಕ್ಕಿರೊಟ್ಟಿ ರುಚಿಸತೊಡಗುತ್ತವೆ. ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿಗಾಗಿ ಹವಣಿಸುತ್ತಿದ್ದವರಿಗೆ ಹಿಂದಿನ ಸಾಲಿನಲ್ಲಿ ಹಳೆಯ ಗೆಳೆಯನ ಪಕ್ಕ ಕುಳಿತುಕೊಳ್ಳುವುದೇ ಹಿತವೆನಿಸುತ್ತದೆ. ಶಿವಮೊಗ್ಗದಲ್ಲಿ ಒಂದು ಕಾಲಕ್ಕೆ ಸೆರೆಮನೆಯಿದ್ದ, ಮುಂದೆ ಫ್ರೀಡಂ ಪಾರ್ಕ್ ಎನಿಸಿ ಈಗ ಅಲ್ಲಮಪ್ರಭುವಿನ ಹೆಸರು ಪಡೆದಿರುವ ಮೈದಾನದಲ್ಲಿ ಬೆಳಗಿನ ನಡಿಗೆಗೆ ಹೋಗುವವರು ಆರಂಭದಲ್ಲಿ ಆರೋಗ್ಯಕ್ಕಾಗಿ ನಡೆಯುತ್ತಾರೆ. ಕ್ರಮೇಣ ನಡಿಗೆಗಾಗಿಯೇ ನಡೆಯುತ್ತಾರೆ. "ಗೊತ್ತಿಲ್ಲ" ಎಂಬ ಮಾತನ್ನು ನಾಚಿಕೆಯಿಲ್ಲದೆ ಆಡುವುದು, "ತಪ್ಪಾಯಿತು" ಎಂಬುದನ್ನು ಮಕ್ಕಳ ಎದುರಿನಲ್ಲಿಯೇ ಹೇಳುವುದು, ಉತ್ತರ ಕೊಡಬಲ್ಲ ಕಡೆಯೂ ಸುಮ್ಮನಿರುವುದು ಇವು ಯಾವ ಶಾಲೆಯೂ ಕಲಿಸದ ವಿದ್ಯೆಗಳು.

ಷಟ್‌ಸ್ಥಲದ ಪರಿಭಾಷೆಯಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಹೇಳಲಾಗಿದೆ. ಅವಧಾನವೆಂದರೆ ಎಚ್ಚರದ ಗಮನ. ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸುವವನು ನಾಲಿಗೆಯನ್ನು ಕೊಲ್ಲುವುದಿಲ್ಲ, ನಾಲಿಗೆಗೆ ಎಚ್ಚರವನ್ನು ಕಲಿಸುತ್ತಾನೆ. ಸಕ್ಕರೆಯಿಲ್ಲದ ಕಾಫಿಯಲ್ಲಿ ಪರಿಮಳವನ್ನು ಕಂಡುಕೊಂಡವನು ತನಗೆ ತಿಳಿಯದೆಯೇ ಅವಧಾನದ ಮೊದಲ ಅಕ್ಷರವನ್ನು ತಿದ್ದಿದ್ದಾನೆ. ಚಿಕ್ಕಂದಿನ ಇಷ್ಟಗಳು ಬಂದು ಅಂಟಿಕೊಂಡವು. ನಡುವಯಸ್ಸಿನ ಇಷ್ಟಗಳು ಗಮನವಿಟ್ಟು ಕಂಡುಕೊಂಡವು. ಇವೆರಡರ ಅಂತರ ಬಲು ದೊಡ್ಡದು.

ಆದರೆ ಹೀಗೆ ಕಂಡುಕೊಳ್ಳುವ ಅವಕಾಶ ಮನೆಯಲ್ಲಿ ಎಲ್ಲರಿಗೂ ಸಮನಾಗಿ ದೊರೆತಿದೆಯೇ? ಐವತ್ತು ದಾಟಿದ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಸೊಸೆ ಅಕ್ಕರೆಯಿಂದ ಕೇಳುತ್ತಾಳೆ, "ಅತ್ತೆ, ಇವತ್ತು ನಿಮಗೆ ಇಷ್ಟವಾದದ್ದನ್ನೇ ಮಾಡ್ತೀನಿ, ಏನು ಮಾಡಲಿ ಹೇಳಿ." ಅತ್ತೆ ತಡವರಿಸುತ್ತಾರೆ. "ನನಗೇನಮ್ಮ, ನಿಮ್ಮ ಮಾವನಿಗೆ ಏನು ಬೇಕೋ ಅದನ್ನೇ ಮಾಡು." ಇದನ್ನು ತ್ಯಾಗವೆಂದು ಹೊಗಳುವುದು ರೂಢಿ. ಆದರೆ ಪಾಳಿಗೆ ತಕ್ಕಂತೆ ಮೂರು ಹೊತ್ತು ಮೂರು ಬಗೆ ಅಡುಗೆ ಮಾಡಿ, ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡ ಜೀವಕ್ಕೆ ತನಗೇನು ಇಷ್ಟವೆಂದು ಕೇಳಿಕೊಳ್ಳುವ ಸಂದರ್ಭವೇ ಬಂದಿರಲಿಲ್ಲ. ಇಲ್ಲದ ಆಯ್ಕೆಯನ್ನು ತ್ಯಾಗವೆನ್ನುವುದು ಹೇಗೆ? ಕಾರ್ಖಾನೆಯಲ್ಲಿ ದುಡಿದವರಿಗೆ ನಿವೃತ್ತಿಯ ದಿನಾಂಕವೊಂದಿತ್ತು. ಅಡುಗೆಮನೆಯಲ್ಲಿ ದುಡಿದವರಿಗೆ ಅದೂ ಇರಲಿಲ್ಲ.

ಉಡುತಡಿಯ ಮಹಾದೇವಿಯಕ್ಕ ತನಗೆ ಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬುದನ್ನು ಖಚಿತವಾಗಿ ಅರಿತು ಅರಮನೆಯನ್ನೇ ಬಿಟ್ಟು ನಡೆದಳು. ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಅದು ತಮ್ಮ ಅಗತ್ಯಕ್ಕೆ ಮೀರಿದುದೆಂದು ಹಿಂದಿರುಗಿಸಲು ಕಳುಹಿಸಿದಳು. ಮನೆಗೆ ಎಷ್ಟು ಬೇಕು, ಎಷ್ಟು ಸಾಕು ಎಂದು ಹೇಳುವ ಅಧಿಕಾರ ಆ ಮನೆಯಲ್ಲಿ ಹೆಂಡತಿಗಿತ್ತು; ಅವಳ ಮಾತನ್ನು ಕೇಳಿ ತಿದ್ದಿಕೊಳ್ಳುವ ವಿನಯ ಗಂಡನಿಗಿತ್ತು. ಹೆಣ್ಣಿಗೆ ಸ್ವಂತ ಇಷ್ಟವಿರಬಾರದೆಂದು ಶರಣರು ಎಂದೂ ಬಗೆದವರಲ್ಲ. ಆದ್ದರಿಂದ ಸೊಸೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮರುದಿನವೂ ಕೇಳಬೇಕು, ಅದರ ಮರುದಿನವೂ ಕೇಳಬೇಕು. ಕೇಳುವುದು ಸೊಸೆಯೊಬ್ಬಳ ಕರ್ತವ್ಯವಲ್ಲ. ಮೂವತ್ತು ವರ್ಷ ಬಿಸಿ ಅನ್ನ ಉಂಡವರೂ ಕೇಳಬೇಕು.

ಹಿರಿಯರ ಇಷ್ಟಾನಿಷ್ಟಗಳಿಗೆ ಇನ್ನೊಂದು ಮುಖವೂ ಇದೆ. ತಾನು ಕಂಡುಕೊಂಡ ಇಷ್ಟವನ್ನು ಮನೆಯ ಕಾನೂನನ್ನಾಗಿ ಮಾಡುವ ಚಪಲ ಅದು. ಸಕ್ಕರೆ ಬಿಟ್ಟವರು ಮನೆಯಲ್ಲಿ ಯಾರೂ ಸಿಹಿ ಮುಟ್ಟಬಾರದೆನ್ನುತ್ತಾರೆ. ಮುಂಜಾನೆ ಏಳುವುದನ್ನು ರೂಢಿಸಿಕೊಂಡವರು ರಾತ್ರಿಯೆಲ್ಲ ಓದಿ ಮಲಗಿದ ಮಗಳನ್ನು ಸೋಮಾರಿ ಎನ್ನುತ್ತಾರೆ. ಮೌನ ಹಿತವೆನಿಸಿದವರು ಮಕ್ಕಳ ನಗುವನ್ನು ಗದರುತ್ತಾರೆ. ಹೀಗಾದಾಗ ಕಲಿತ ಪಾಠ ಅಹಂಕಾರದ ಮತ್ತೊಂದು ಉಡುಪಾಗುತ್ತದೆ.

ಇಷ್ಟ ಮತ್ತು ನಿಷ್ಠೆ ಎಂಬ ಎರಡು ಪದಗಳು ಕಿವಿಗೆ ಹತ್ತಿರವಾದರೂ ಮೂಲದಲ್ಲಿ ಬೇರೆ ಬೇರೆ. ಇಷ್ಟ ಎಂಬುದು ಬಯಕೆಯ ಅರ್ಥದ ಧಾತುವಿನಿಂದ ಬಂದದ್ದು. ನಿಷ್ಠೆ ಎಂಬುದು ನಿಲ್ಲುವ ಅರ್ಥದ ಧಾತುವಿನಿಂದ. ಬಯಕೆ ಕಾಲಕ್ಕೆ ತಕ್ಕಂತೆ ಚಲಿಸುತ್ತದೆ, ಚಲಿಸಬೇಕು. ನಿಷ್ಠೆ ನಿಲ್ಲುತ್ತದೆ, ನಿಲ್ಲಬೇಕು. ಕಾಫಿ, ಉಡುಪು, ಏಳುವ ಹೊತ್ತು, ಕೂರುವ ಕುರ್ಚಿ ಇವು ಇಷ್ಟಕ್ಕೆ ಸೇರಿದವು. ಇಲ್ಲಿ ಬಾಗುವುದು ದೌರ್ಬಲ್ಯವಲ್ಲ. ಕಾಯಕದಲ್ಲಿ ಪ್ರಾಮಾಣಿಕತೆ, ಆಡಿದ ಮಾತಿನಲ್ಲಿ ಸತ್ಯ, ಮನುಷ್ಯರಲ್ಲಿ ಮೇಲು ಕೀಳೆಣಿಸದಿರುವುದು ಇವು ನಿಷ್ಠೆಗೆ ಸೇರಿದವು. ಇಲ್ಲಿ ಬಾಗುವುದು ಪತನ.

ವಿಷಾದದ ಸಂಗತಿಯೆಂದರೆ, ವಯಸ್ಸಾಗುತ್ತಾ ಬಂದಂತೆ ಅನೇಕರಲ್ಲಿ ಇದು ಅದಲುಬದಲಾಗುತ್ತದೆ. ಕಾಫಿಯ ವಿಷಯದಲ್ಲಿ ಕಲ್ಲಿನಂತೆ ಗಟ್ಟಿಯಾಗಿರುವವರು ಸತ್ಯದ ವಿಷಯದಲ್ಲಿ ಮೇಣದಂತೆ ಮೆತ್ತಗಾಗುತ್ತಾರೆ. ಲೋಟ ಬದಲಾದರೆ ಕೂಗಾಡುವವರು, ಮಗನ ಕೆಲಸಕ್ಕಾಗಿ ಲಂಚ ಕೊಡುವಾಗ "ಲೋಕವೇ ಹೀಗಿದೆ, ಹೊಂದಿಕೊಳ್ಳಬೇಕು" ಎನ್ನುತ್ತಾರೆ. ಮಗಳು ತಾನೇ ಆರಿಸಿಕೊಂಡ ವರನ ಬಗ್ಗೆ ಮಾತೆತ್ತಿದಾಗ ಆತನ ಗುಣವನ್ನು ವಿಚಾರಿಸುವುದಕ್ಕೆ ಮೊದಲು ಜಾತಿಯನ್ನು ವಿಚಾರಿಸುತ್ತಾರೆ, ಆ ಅಸಮ್ಮತಿಯನ್ನು ಸಂಪ್ರದಾಯನಿಷ್ಠೆ ಎಂದು ಕರೆಯುತ್ತಾರೆ. ಅದು ನಿಷ್ಠೆಯಲ್ಲ. ಬಾಗಬೇಕಾದಲ್ಲಿ ಬಾಗದ, ನಿಲ್ಲಬೇಕಾದಲ್ಲಿ ನಿಲ್ಲದ ಈ ಬದುಕಿಗೆ ಎಷ್ಟು ವರ್ಷದ ಅನುಭವವಿದ್ದರೇನು?

ಯಾವುದು ಇಷ್ಟ, ಯಾವುದು ನಿಷ್ಠೆ ಎಂದು ಬೇರ್ಪಡಿಸುವುದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ಮೂರು ಪ್ರಶ್ನೆಗಳು ಸಾಕು. ಈ ಪಟ್ಟಿನಿಂದ ತೊಂದರೆಯಾಗುವುದು ತನಗೋ, ಇತರರಿಗೋ? ತನ್ನ ಅನುಕೂಲ ಬದಲಾದ ದಿನವೂ ಇದನ್ನು ಹಿಡಿದಿರಲು ಸಾಧ್ಯವೋ? ಯಾರೂ ನೋಡದಿದ್ದಾಗಲೂ ಇದು ಉಳಿಯುವುದೋ? ನಿಷ್ಠೆ ತನ್ನನ್ನೇ ಮೊದಲು ಕಟ್ಟುತ್ತದೆ, ನಷ್ಟವಾದರೂ ಬಿಡುವುದಿಲ್ಲ, ಸಾಕ್ಷಿಯನ್ನು ಬೇಡುವುದಿಲ್ಲ. ಈ ಮೂರರಲ್ಲಿ ನಿಲ್ಲದ ಹಟಗಳೆಲ್ಲ ಕೇವಲ ಇಷ್ಟಗಳು. ಅವನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಹಗುರವಾಗಿ ಇಟ್ಟುಕೊಳ್ಳಬೇಕು, ಅಷ್ಟೆ.

ಶಿವಮೊಗ್ಗದವರಿಗೆ ತುಂಗೆಯ ನೀರಿನ ರುಚಿಯ ಬಗ್ಗೆ ಅಭಿಮಾನ. ತುಂಗಾ ಪಾನ, ಗಂಗಾ ಸ್ನಾನ ಎಂಬ ನಾಣ್ಣುಡಿಯನ್ನು ನೆಂಟರಿಗೆಲ್ಲ ಹೇಳುತ್ತಾರೆ. ಭದ್ರಾವತಿಯವರಿಗೆ ತಮ್ಮ ಭದ್ರೆಯ ಮೇಲೆ ಅಷ್ಟೇ ಅಕ್ಕರೆ. ಎರಡೂ ಅಭಿಮಾನಗಳು ಚೆನ್ನ. ಆದರೆ ಎರಡೂ ಊರುಗಳಿಂದ ಸ್ವಲ್ಪವೇ ದೂರದ ಕೂಡಲಿಯಲ್ಲಿ ಎರಡು ಹೊಳೆಗಳೂ ಸೇರುತ್ತವೆ. ಅಲ್ಲಿಂದ ಮುಂದೆ ಬೊಗಸೆಯಲ್ಲಿ ತುಂಬಿಕೊಂಡ ನೀರಿನಲ್ಲಿ ತುಂಗೆ ಎಷ್ಟು, ಭದ್ರೆ ಎಷ್ಟು ಎಂದು ಯಾರೂ ಹೇಳಲಾರರು. ಅಷ್ಟಾದರೂ ನೀರು ಇಳಿಜಾರಿನತ್ತ ಹರಿಯುವುದನ್ನು ಬಿಡಲಿಲ್ಲ, ಗದ್ದೆಗೆ ಹಸಿರು ಕೊಡುವುದನ್ನು ಬಿಡಲಿಲ್ಲ. ರುಚಿ ಬೆರೆಯಿತು, ಧರ್ಮ ಉಳಿಯಿತು. ಒಂದೇ ಸೂರಿನ ಕೆಳಗೆ ಬಾಳುವ ಹಿರಿಯರೂ ಕಿರಿಯರೂ ಕೂಡಿ ಹರಿಯುವ ಬಗೆಯೂ ಇದೇ.

ಸದ್ಭಕ್ತರು ಈ ವಾರ ಒಂದು ಸಣ್ಣ ಕೆಲಸವನ್ನು ಮಾಡಿ ನೋಡಬಹುದು. ಪೂಜೆ ಮುಗಿಸಿ ಊಟಕ್ಕೆ ಕುಳಿತಾಗ, ಮನೆಯಲ್ಲಿ ಇದುವರೆಗೆ ಯಾರೂ ಕೇಳದ ಒಬ್ಬರನ್ನು "ನಿಮಗೇನು ಇಷ್ಟ?" ಎಂದು ಕೇಳಲಿ, ಉತ್ತರ ಬರುವವರೆಗೂ ಕಾಯಲಿ. ಆ ಮೇಲೆ ತಮ್ಮನ್ನೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲಿ: ತಾವು ನಿಷ್ಠೆಯೆಂದು ಹಿಡಿದುಕೊಂಡಿರುವುದರಲ್ಲಿ ಬರಿಯ ಇಷ್ಟ ಎಷ್ಟು? ಗಿಡವಾಗಿ ಬಗ್ಗದ್ದು ಮರವಾಗಿಯೂ ಬಗ್ಗಬಲ್ಲದು. ಹಣ್ಣು ಹೊತ್ತ ಮರ ಬಾಗಿಯೇ ಇರುತ್ತದೆ.